ಲಾವಾ ಕಲ್ಲಿನೊಳಗೆ ಎಣ್ಣೆ ನಿಲ್ಲುವುದು ಹೇಗೆ?

ಈ ಮಾತುಗಳನ್ನು ಸಭೆಯಲ್ಲಿ ಆಡಿದಾಗ ನನ್ನ ಮುಂದೆ ನೀರು ತುಂಬಿದ ಗಾಜಿನ ಪಾತ್ರೆ ಇತ್ತು. ಅದರೊಳಗೆ ಎರಡು ಕಲ್ಲು ಹಾಕಿದೆ. ಕಪ್ಪಗಿನ ಬಸಾಲ್ಟ್ ಸೀದಾ ತಳ ಸೇರಿತು. ಬೂದು ಬಣ್ಣದ ಪ್ಯೂಮಿಸ್ ಮೇಲೆಯೇ ತೇಲಿತು. ಎರಡೂ ಜ್ವಾಲಾಮುಖಿಯಿಂದ ಬಂದ ಕಲ್ಲುಗಳೇ.

ಪ್ಯೂಮಿಸ್ ಒಳಗೆ ಕಲ್ಲಿಗಿಂತ ಖಾಲಿ ಜಾಗವೇ ಜಾಸ್ತಿ. ನೂರರಲ್ಲಿ 70, 80 ಪಾಲು ಬರೀ ತೂತು. 1883ರಲ್ಲಿ ಕ್ರಕಟೋವಾ ಸಿಡಿದಾಗ ಹೊರಬಿದ್ದ ಪ್ಯೂಮಿಸ್ ತಿಂಗಳುಗಟ್ಟಲೆ ತೇಲಿ, ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ದಡ ಮುಟ್ಟಿತ್ತು. ಸಭೆಯಲ್ಲಿದ್ದವರನ್ನು ಒಂದು ಪ್ರಶ್ನೆ ಕೇಳಿದೆ. ನೆಲದಡಿ ಎಣ್ಣೆ ಹುಡುಕಬೇಕು, ಈ ಎರಡರಲ್ಲಿ ಯಾವ ಕಲ್ಲನ್ನು ಆರಿಸುತ್ತೀರಿ? ಹೆಚ್ಚಿನ ಕೈಗಳು ಪ್ಯೂಮಿಸ್‌ಗೇ ಎದ್ದವು. ಸಹಜ ತಾನೇ? ತೂತು ಜಾಸ್ತಿ ಇದ್ದರೆ ಎಣ್ಣೆಗೂ ಜಾಗ ಜಾಸ್ತಿ.

ಆದರೆ ಎಣ್ಣೆ ಹುಡುಕುವವರು ಆ ತೇಲುವ ಕಲ್ಲಿನ ಹಿಂದೆ ಹೋಗುವುದು ಅಪರೂಪ. ನೂರರಲ್ಲಿ ಬರೀ ಹತ್ತು ಪಾಲು ತೂತಿರುವ, ಕೈಗೆ ಗಟ್ಟಿಯಾಗಿ ಹತ್ತುವ ಲಾವಾ ಕಲ್ಲು ಸಿಕ್ಕರೆ ಅವರಿಗೆ ಜಾಸ್ತಿ ಸಂತೋಷ. ಯಾಕೆ ಹೀಗೆ ಅನ್ನುವುದೇ ಇವತ್ತಿನ ವಿಷಯ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ನೆಲದಡಿ ಎಣ್ಣೆಯ ಕೆರೆ ಇಲ್ಲ. ನೀರನ್ನು ಹೀರಿಕೊಂಡ ಇಟ್ಟಿಗೆಯ ಹಾಗೆ, ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಎಣ್ಣೆ, ಅನಿಲ ತುಂಬಿಕೊಂಡಿರುತ್ತವೆ. ಅಂಥ ಕಲ್ಲನ್ನು ರಿಸರ್ವಾಯರ್ ಅನ್ನುತ್ತಾರೆ. ಜಗತ್ತಿನ ಬಹುಪಾಲು ಎಣ್ಣೆ ಇರುವುದು ಮರಳುಗಲ್ಲು ಮತ್ತು ಸುಣ್ಣದಕಲ್ಲಿನಲ್ಲಿ. ಬೆಂಕಿಯಿಂದ ಹುಟ್ಟಿದ ಕಲ್ಲುಗಳ ಪಾಲು ಬಹಳ ಸಣ್ಣದು. ಅದಕ್ಕೇ ಎಷ್ಟೋ ವರ್ಷ, ಕೊರೆಯುವಾಗ ಲಾವಾ ಕಲ್ಲು ಎದುರಾದರೆ "ಇನ್ನು ಕೊರೆಯುವುದು ವ್ಯರ್ಥ" ಎಂದು ಯಂತ್ರ ನಿಲ್ಲಿಸಿಬಿಡುತ್ತಿದ್ದರು. ಹಾಗೆ ನಿಲ್ಲಿಸಿದ ಕೆಲವು ಜಾಗಗಳಲ್ಲಿ ನಿಜವಾದ ಸಂಪತ್ತು ಇದ್ದದ್ದು ಆಮೇಲೆ ಗೊತ್ತಾಯಿತು.

ಈಗ ಗುಳ್ಳೆಯ ಹುಟ್ಟಿಗೆ ಬರೋಣ. ಭೂಮಿಯ ಆಳದಲ್ಲಿರುವ ಶಿಲಾರಸದಲ್ಲಿ ನೀರು, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಕರಗಿರುತ್ತವೆ. ಒತ್ತಡ ಜಾಸ್ತಿ ಇರುವಷ್ಟು ಹೊತ್ತು ಕರಗಿಯೇ ಇರುತ್ತವೆ. ಶಿಲಾರಸ ಮೇಲೇರಿದಂತೆ ಒತ್ತಡ ಕಡಿಮೆಯಾಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಕರಗಿದ್ದೆಲ್ಲ ಗುಳ್ಳೆಯಾಗಿ ಹೊರಬರುತ್ತದೆ.

ಎಷ್ಟು ಗುಳ್ಳೆ? ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯ ಆಗುತ್ತದೆ. ಒಂದು ಘನ ಮೀಟರ್ ಶಿಲಾರಸದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲು ನೀರಿದೆ ಎಂದುಕೊಳ್ಳಿ. ಅಂದರೆ ಸುಮಾರು 25 ಕಿಲೋ ನೀರು. ಅದಷ್ಟೂ ನೆಲದ ಮೇಲಿನ ಒತ್ತಡದಲ್ಲಿ, 1000 ಡಿಗ್ರಿ ಬಿಸಿಯಲ್ಲಿ ಆವಿಯಾದರೆ ಅದಕ್ಕೆ ಹೆಚ್ಚುಕಡಿಮೆ 145 ಘನ ಮೀಟರ್ ಜಾಗ ಬೇಕು! ಇಷ್ಟೊಂದು ಆವಿ ಕಲ್ಲಿನಲ್ಲೇ ಉಳಿಯಲು ಸಾಧ್ಯವಿಲ್ಲ. ಒಂದೋ ಮೆಲ್ಲಗೆ ತಪ್ಪಿಸಿಕೊಳ್ಳಬೇಕು, ಇಲ್ಲವೇ ಸಿಡಿಯಬೇಕು.

ಯಾವುದು ಆಗುತ್ತದೆ ಎನ್ನುವುದನ್ನು ಶಿಲಾರಸದ ಮಂದತನ ತೀರ್ಮಾನಿಸುತ್ತದೆ. ಬಸಾಲ್ಟ್ ಲಾವಾ 1100, 1200 ಡಿಗ್ರಿಯಲ್ಲಿ ತೆಳ್ಳಗೆ ಹರಿಯುತ್ತದೆ. ಅದರಲ್ಲಿ ಗುಳ್ಳೆಗಳು ಮೇಲೇರಿ ತಪ್ಪಿಸಿಕೊಳ್ಳಬಹುದು. ರೈಯೊಲೈಟ್ ಲಾವಾದಲ್ಲಿ ಸಿಲಿಕಾ ಜಾಸ್ತಿ, ಬಿಸಿ ಕಡಿಮೆ. ಅದು ತಣ್ಣಗಿನ ಡಾಂಬರಿಗಿಂತಲೂ ಗಟ್ಟಿ. ಗುಳ್ಳೆಗೆ ದಾರಿ ಸಿಗುವುದಿಲ್ಲ. ಉಬ್ಬಿ ಉಬ್ಬಿ ಕೊನೆಗೆ ಸಿಡಿಯುತ್ತದೆ. ಆಗ ಬೂದಿ, ಪ್ಯೂಮಿಸ್, ಗಾಜಿನ ಚೂರು ಎಲ್ಲವೂ ಆಕಾಶಕ್ಕೆ. ಕೆಳಗೆ ಬಿದ್ದ ಬೂದಿ ಗಟ್ಟಿಯಾದರೆ ಟಫ್ ಎಂಬ ಕಲ್ಲು.

ಬಸಾಲ್ಟಿನಲ್ಲಿ ಎಲ್ಲ ಗುಳ್ಳೆಯೂ ತಪ್ಪಿಸಿಕೊಳ್ಳುವುದಿಲ್ಲ. ಹರಿಯುವ ಲಾವಾದ ಮೇಲ್ಮೈ ಗಾಳಿ ತಾಗಿ ಬೇಗ ಹೆಪ್ಪುಗಟ್ಟುತ್ತದೆ. ಕೆಳಗಿಂದ ಏರಿದ ಗುಳ್ಳೆಗಳು ಆ ಹೊರಪದರದ ಅಡಿಯಲ್ಲಿ ಸಿಕ್ಕಿಬೀಳುತ್ತವೆ. ಹಾಗಾಗಿ ಒಂದೊಂದು ಲಾವಾ ಹರಿವಿನಲ್ಲೂ ಮೇಲ್ಭಾಗ ಜೇನುಗೂಡಿನ ಹಾಗೆ, ನಡುಭಾಗ ಗಟ್ಟಿಯಾದ ಬಂಡೆ, ತಳದಲ್ಲಿ ಮತ್ತೆ ತೆಳ್ಳಗಿನ ಗುಳ್ಳೆ ಪದರ. ಒಂದರ ಮೇಲೊಂದು ಹತ್ತಾರು ಹರಿವು ಬಂದರೆ ಒಂದು ತೂತಿನ ಪದರ, ಒಂದು ಗಟ್ಟಿ ಪದರ, ಮತ್ತೊಂದು ತೂತಿನ ಪದರ. ಬಾವಿಯಿಂದ ತೆಗೆದ ಕಲ್ಲಿನ ಉದ್ದ ಕಂಬವನ್ನು ಕೋರ್ ಅನ್ನುತ್ತಾರೆ. ಅದನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ, ಲಕ್ಷಾಂತರ ವರ್ಷಗಳಲ್ಲಿ ಎಷ್ಟು ಸಲ ಲಾವಾ ಹರಿದಿದೆ ಎಂದು ಬೆರಳಿಟ್ಟು ಎಣಿಸಬಹುದು. ನನಗೆ ಇದು ಯಾವತ್ತೂ ಬೇಸರ ತರಿಸದ ಕೆಲಸ.

ಸಮುದ್ರದ ಆಳದಲ್ಲಿ ಲಾವಾ ಹೊರಬಂದರೆ ಕಥೆ ಬೇರೆ. ಮೇಲಿನ ನೀರಿನ ಭಾರಕ್ಕೆ ಗುಳ್ಳೆ ಕಡಿಮೆ. ಆದರೆ ಕೆಂಡದಂಥ ಲಾವಾಕ್ಕೆ ತಣ್ಣೀರು ತಾಗಿದ ಕೂಡಲೇ ಅದು ಗಾಜಾಗಿ, ಚೂರು ಚೂರಾಗಿ ಒಡೆಯುತ್ತದೆ. ಆ ಚೂರುಗಳ ನಡುವಿನ ಸಂದುಗಳೂ ತೂತುಗಳೇ. ನೆಲದ ಮೇಲೂ ಹೀಗೊಂದು ಒಡೆತ ಇದೆ. ಹರಿಯುವ ಲಾವಾದ ಗಟ್ಟಿ ಹೊರಪದರವನ್ನು ಒಳಗಿನ ಬಿಸಿ ಲಾವಾ ಎಳೆದುಕೊಂಡು ಹೋಗುತ್ತದೆ. ಪದರ ಮುರಿದು ಜಲ್ಲಿಯ ರಾಶಿ ಆಗುತ್ತದೆ. ಈ ತುಂಡುಕಲ್ಲಿನ ಭಾಗಗಳು ಆಮೇಲೆ ಒಳ್ಳೆಯ ರಿಸರ್ವಾಯರ್ ಆಗುವುದುಂಟು.

ತೂತು ಹುಟ್ಟಿತು. ಆದರೆ ತೂತಿಗೂ ತೂತಿಗೂ ನಡುವೆ ದಾರಿ ಇದೆಯಾ? ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಸಾವಿರ ಕೋಣೆಗಳ ಮನೆ ಇದೆ, ಒಂದಕ್ಕೂ ಬಾಗಿಲಿಲ್ಲ ಎಂದುಕೊಳ್ಳಿ. ಒಳಗೆ ಜಾಗ ಬೇಕಾದಷ್ಟಿದೆ. ಆದರೆ ಯಾರೂ ಒಳಗೆ ಹೋಗುವ ಹಾಗಿಲ್ಲ, ಹೊರಗೆ ಬರುವ ಹಾಗೂ ಇಲ್ಲ. ಲಾವಾ ಕಲ್ಲಿನ ಗುಳ್ಳೆಗಳು ಎಷ್ಟೋ ಸಲ ಹೀಗೇ ಇರುತ್ತವೆ. ಪ್ರತಿ ಗುಳ್ಳೆಯ ಸುತ್ತ ಗಾಜಿನ ಗೋಡೆ. ಕಲ್ಲಿನಲ್ಲಿ ಎಷ್ಟು ಖಾಲಿ ಜಾಗ ಇದೆ ಎನ್ನುವುದು ಪೋರಾಸಿಟಿ. ಆ ಜಾಗಗಳ ನಡುವೆ ದ್ರವ ಎಷ್ಟು ಸುಲಭವಾಗಿ ಹರಿಯುತ್ತದೆ ಎನ್ನುವುದು ಪರ್ಮಿಯಬಿಲಿಟಿ. ಇದನ್ನು ಅಳೆಯುವ ಮಾನಕ್ಕೆ ಡಾರ್ಸಿ ಎಂದು ಹೆಸರು. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ, ಮರಳಿನ ಮೂಲಕ ನೀರು ಹೇಗೆ ಹರಿಯುತ್ತದೆ ಎಂಬ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಒಳ್ಳೆಯ ಮರಳುಗಲ್ಲಿನಲ್ಲಿ ನೂರಾರು ಮಿಲಿಡಾರ್ಸಿ ಸಿಗುತ್ತದೆ. ಲಾವಾ ಕಲ್ಲಿನಲ್ಲಿ ಎಷ್ಟೋ ಕಡೆ ಒಂದು ಮಿಲಿಡಾರ್ಸಿಯೂ ಇರುವುದಿಲ್ಲ.

ಹಾಗಾದರೆ ಬಾಗಿಲು ತೆರೆಯುವವರು ಯಾರು? ಮೊದಲನೆಯದಾಗಿ ಬಿರುಕು. ಲಾವಾ ತಣ್ಣಗಾದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿಯುವ ಹಾಗೆ ಬಿರಿಯುತ್ತದೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಇಂಥ ಸುಮಾರು 40,000 ಕಂಬಗಳಿವೆ, ಬಹಳಷ್ಟು ಆರು ಮೂಲೆಯವು. ಅಲ್ಲಿ ಎಲ್ಲರೂ ಕಂಬಗಳ ಚಂದ ನೋಡುತ್ತಾರೆ. ನಾನು ಕಂಬಗಳ ನಡುವಿನ ಸಂದನ್ನು ನೋಡಿ ಎನ್ನುತ್ತೇನೆ. ಎಣ್ಣೆಗೆ ದಾರಿ ಅದೇ. ಆಮೇಲೆ ಭೂಮಿಯ ಪದರಗಳು ಜರುಗಿದಾಗ, ಬಾಗಿದಾಗ ಇನ್ನೂ ದೊಡ್ಡ ಬಿರುಕುಗಳು ಬರುತ್ತವೆ. ಲಾವಾ ಕಲ್ಲು ಪೆಡಸು, ಜೇಡಿಯ ಹಾಗೆ ಬಾಗುವುದಿಲ್ಲ, ಒಡೆಯುತ್ತದೆ. ಕಟ್ಟಡದ ಕಲ್ಲಿಗೆ ಅದು ದೋಷ ಇರಬಹುದು. ಇಲ್ಲಿ ಅದೇ ಗುಣ. ಅಮೆರಿಕದ ನೆವಾಡಾದಲ್ಲಿ 1976ರಲ್ಲಿ ಸಿಕ್ಕ ಟ್ರ್ಯಾಪ್ ಸ್ಪ್ರಿಂಗ್ ಎಣ್ಣೆ ಕ್ಷೇತ್ರ ಇಂಥದ್ದು. ಬಿಸಿ ಬೂದಿಯ ಮೋಡ ನೆಲಕ್ಕಿಳಿದು, ತನ್ನ ಬಿಸಿಗೇ ಬೆಸೆದುಕೊಂಡು ಆದ ಕಲ್ಲಿನ ಬಿರುಕುಗಳಲ್ಲಿ ಅಲ್ಲಿ ಎಣ್ಣೆ ಇದೆ. ಇಂಡೋನೇಷ್ಯಾದ ಜಾವಾದಲ್ಲಿರುವ, 1969ರಲ್ಲಿ ಪತ್ತೆಯಾದ ಜಟಿಬಾರಾಂಗ್ ಕೂಡ ಬಿರುಕುಗಳ ಮೇಲೆಯೇ ನಿಂತ ಕ್ಷೇತ್ರ.

ಎರಡನೆಯದು ಮಳೆ ಮತ್ತು ಬಿಸಿಲು. ಲಾವಾ ಹರಿದು ನಿಂತ ಮೇಲೆ ಆ ಕಲ್ಲು ಲಕ್ಷಾಂತರ ವರ್ಷ ಬಯಲಲ್ಲಿ ಬಿದ್ದಿದ್ದರೆ ಮಳೆನೀರು ಬಿರುಕಿನೊಳಗೆ ಇಳಿಯುತ್ತದೆ. ಖನಿಜಗಳನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಒಯ್ಯುತ್ತದೆ. ಮುಚ್ಚಿದ ಗುಳ್ಳೆಗಳ ಗೋಡೆಗಳು ತೆರೆದುಕೊಳ್ಳುತ್ತವೆ. ತೀರಾ ಮೇಲಿನ ಪದರ ಮಣ್ಣಾಗಿ, ಜೇಡಿಯಾಗಿ ಮುಚ್ಚಿಹೋಗುತ್ತದೆ. ಆದರೆ ಅದರ ಕೆಳಗೆ, ಅರ್ಧ ಕರಗಿದ, ಬಿರುಕು ತುಂಬಿದ ದಪ್ಪ ಪದರ ಸಿಗುತ್ತದೆ. ಚೀನಾದ ಪಶ್ಚಿಮದಲ್ಲಿರುವ ಜುಂಗಾರ್ ಪ್ರದೇಶದಲ್ಲಿ 30 ಕೋಟಿ ವರ್ಷದಷ್ಟು ಹಳೆಯ ಲಾವಾ ಕಲ್ಲುಗಳಿವೆ. ಅಲ್ಲಿನ ಎಣ್ಣೆ, ಅನಿಲ ಹುಡುಕಾಟದಲ್ಲಿ ಈ ಸವೆದ ಪದರವೇ ಮುಖ್ಯ ಗುರಿ. ಹೊಸದಾಗಿ, ಗಟ್ಟಿಯಾಗಿ ಉಳಿದ ಕಲ್ಲಿಗಿಂತ ಹಾಳಾದ ಕಲ್ಲೇ ಅಲ್ಲಿ ಬೆಲೆಬಾಳುತ್ತದೆ.

ಮೂರನೆಯದು ಆಳದಲ್ಲಿ ನಡೆಯುವ ಕರಗುವಿಕೆ. ನನಗೆ ಬಹಳ ಇಷ್ಟವಾದ ಭಾಗ ಇದು. ಸತ್ತ ಪಾಚಿ, ಗಿಡದ ಅಂಶ ಸೇರಿದ ಕೆಸರು ಹೂತುಹೋಗಿ, ಬಿಸಿಯೇರಿ ಎಣ್ಣೆಯಾಗುತ್ತದಲ್ಲ, ಆಗ ಆ ಕೆಸರಿನಿಂದ ಆಮ್ಲಗಳೂ ಇಂಗಾಲದ ಡೈಆಕ್ಸೈಡೂ ಹೊರಬರುತ್ತವೆ. ಈ ಆಮ್ಲದ ನೀರು ಬಿರುಕುಗಳಲ್ಲಿ ನುಗ್ಗಿ ಲಾವಾ ಕಲ್ಲಿನ ಫೆಲ್ಡ್‌ಸ್ಪಾರ್ ಹರಳುಗಳನ್ನು ಕರಗಿಸುತ್ತದೆ. ಹರಳು ಇದ್ದ ಜಾಗ ಖಾಲಿಯಾಗುತ್ತದೆ. ಅಂದರೆ ಎಣ್ಣೆ ಬರುವ ಮೊದಲೇ, ಎಣ್ಣೆಯ ಹುಟ್ಟೂರಿನಿಂದ ಹೊರಟ ನೀರು ಬಂದು ಅದಕ್ಕೆ ಜಾಗ ಮಾಡಿಕೊಡುತ್ತದೆ. ಕಲ್ಲನ್ನು ಕಾಗದದಷ್ಟು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ತೂತುಗಳಿಗೆ ನೀಲಿ ಬಣ್ಣದ ಅಂಟು ತುಂಬಿಸುತ್ತಾರೆ. ಆಗ ಖಾಲಿ ಜಾಗವೆಲ್ಲ ನೀಲಿಯಾಗಿ ಕಾಣುತ್ತದೆ. ಹರಳಿನ ಆಕಾರ ಹಾಗೇ ಇದೆ, ಒಳಗೆ ಮಾತ್ರ ಪೂರ್ತಿ ನೀಲಿ. ಅದನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ.

ಗಾಜಿನ ವಿಷಯವನ್ನೂ ಹೇಳಿಬಿಡುತ್ತೇನೆ. ಜ್ವಾಲಾಮುಖಿಯ ಗಾಜು ಶಾಶ್ವತ ಅಲ್ಲ. ಕಾಲ ಕಳೆದಂತೆ ಅದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್‌ನ ಪುಟ್ಟ ಹರಳುಗಳಾಗಿ ಬದಲಾಗುತ್ತದೆ. ಹರಳಿಗೆ ಗಾಜಿಗಿಂತ ಕಡಿಮೆ ಜಾಗ ಸಾಕು. ಉಳಿದ ಜಾಗ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತದೆ. ಒಂದೊಂದು ತೂತು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ನೂರಾರು ಮೀಟರ್ ದಪ್ಪದ ಕಲ್ಲಿನಲ್ಲಿ ಅವೆಲ್ಲ ಸೇರಿದರೆ, ಅನಿಲಕ್ಕೆ ಅದು ದೊಡ್ಡ ಜಾಗ.

ಇಷ್ಟೆಲ್ಲ ತೆರೆಯುವ ಶಕ್ತಿಗಳು ಇದ್ದಂತೆ ಮುಚ್ಚುವ ಶಕ್ತಿಗಳೂ ಇವೆ, ಅವು ಸುಮ್ನೆ ಕೂರುವುದಿಲ್ಲ. ಬಿಸಿನೀರು ಕಲ್ಲಿನಲ್ಲಿ ಓಡಾಡಿದಾಗ ಒಂದು ಕಡೆ ಕರಗಿಸಿದ್ದನ್ನು ಇನ್ನೊಂದು ಕಡೆ ಬಿಟ್ಟುಹೋಗುತ್ತದೆ. ಗುಳ್ಳೆಗಳ ಒಳಗೆ ಕ್ಯಾಲ್ಸೈಟ್, ಕ್ವಾರ್ಟ್ಜ್, ಜಿಯೊಲೈಟ್ ಹರಳುಗಳು ಬೆಳೆಯುತ್ತವೆ. ದಖನ್ನಿನ ಬಸಾಲ್ಟಿನ ಜಿಯೊಲೈಟ್‌ಗಳನ್ನು ಜಗತ್ತಿನ ಮ್ಯೂಸಿಯಂಗಳು ಹೆಮ್ಮೆಯಿಂದ ಇಟ್ಟುಕೊಂಡಿವೆ. ಅಷ್ಟು ಚೆಂದದ ಹರಳುಗಳು ಅವು. ಆದರೆ ಎಣ್ಣೆಯ ಲೆಕ್ಕದಲ್ಲಿ ಪ್ರತಿ ಹರಳೂ ಮುಚ್ಚಿಹೋದ ಒಂದು ಕೋಣೆ. ಗಾಜು ನೀರು ಕುಡಿದು ಜೇಡಿಯಾದರೆ ಇನ್ನೂ ಕಷ್ಟ. ಜೇಡಿ ಉಬ್ಬಿ ಸಣ್ಣ ದಾರಿಗಳನ್ನು ಮುಚ್ಚಿಬಿಡುತ್ತದೆ.

ಇಲ್ಲಿಗೆ ನಮ್ಮ ತೇಲುವ ಕಲ್ಲಿನ ಉತ್ತರ ಸಿಕ್ಕಿತು. ಪ್ಯೂಮಿಸ್ ಬಹುಮಟ್ಟಿಗೆ ಗಾಜು, ಅದೂ ಬಹಳ ತೆಳ್ಳಗಿನ ಗೋಡೆಗಳ ಗಾಜು. ಹೂತುಹೋದರೆ ಮೇಲಿನ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಉಳಿದದ್ದು ಬೇಗ ಜೇಡಿಯಾಗುತ್ತದೆ. ಹುಟ್ಟುವಾಗ 80 ಪಾಲು ತೂತಿದ್ದ ಕಲ್ಲು ಎಣ್ಣೆ ಬರುವ ಹೊತ್ತಿಗೆ ಬಾಗಿಲು ಮುಚ್ಚಿ ಕೂತಿರುತ್ತದೆ. ಗಟ್ಟಿ ಲಾವಾದ ಹತ್ತು ಪಾಲು ತೂತು ಮಾತ್ರ ಹಾಗೇ ಉಳಿದಿರಬಹುದು.

ಇದರಲ್ಲಿ ಮರಳುಗಲ್ಲಿಗೂ ಇಲ್ಲದ ಒಂದು ಅನುಕೂಲ ಇದೆ. ಮರಳು ಹೊಸದಾಗಿ ಬಿದ್ದಾಗ ನೂರರಲ್ಲಿ 40 ಪಾಲು ಖಾಲಿ ಜಾಗ. ಆಳಕ್ಕೆ ಹೋದಂತೆ ಕಣಗಳು ಒತ್ತಿಕೊಂಡು, ಅಂಟಿಕೊಂಡು ಆ ಜಾಗ ಕುಗ್ಗುತ್ತಾ ಹೋಗುತ್ತದೆ. ಲಾವಾ ಕಲ್ಲು ಹಾಗಲ್ಲ. ಹುಟ್ಟುವಾಗಲೇ ಅದರ ಚೌಕಟ್ಟು ಗಟ್ಟಿ, ಕಣಗಳು ಜರುಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ನಾಲ್ಕೈದು ಕಿಲೋಮೀಟರ್ ಆಳದಲ್ಲಿ, ಸುತ್ತಲಿನ ಮರಳುಗಲ್ಲು ಬಿಗಿದುಕೊಂಡಾಗಲೂ ಲಾವಾ ಕಲ್ಲಿನಲ್ಲಿ ಜಾಗ ಉಳಿದಿರಬಹುದು. ಜಪಾನಿನ ಮಿನಾಮಿ ನಾಗಾವೊಕಾ ಅನಿಲ ಕ್ಷೇತ್ರ ಇದಕ್ಕೆ ಸಾಕ್ಷಿ. 1979ರಲ್ಲಿ ಪತ್ತೆಯಾಯಿತು, 1984ರಲ್ಲಿ ಉತ್ಪಾದನೆ ಶುರುವಾಯಿತು. ಅನಿಲ ಇರುವುದು 4000ದಿಂದ 5000 ಮೀಟರ್ ಆಳದ ರೈಯೊಲೈಟ್‌ನಲ್ಲಿ. ಸಮುದ್ರದಡಿ ಹರಿದ ಲಾವಾ ಅದು. ಅಲ್ಲೂ ಪುಡಿಯಾದ ಗಾಜಿನ ಚೂರುಗಳಿಂದ ಆದ ಭಾಗದಲ್ಲಿ ತೂತಿದ್ದರೂ ಹರಿವು ಕಡಿಮೆ. ಲಾವಾ ಮತ್ತು ದಪ್ಪ ತುಂಡುಗಳ ಭಾಗದಲ್ಲಿ ಹರಿವು ಚೆನ್ನಾಗಿದೆ.

ಜಿಯೊಲೈಟ್ ಯಾವಾಗಲೂ ಶತ್ರು ಎಂದು ಕೈಬಿಡಬೇಡಿ. ಜಾರ್ಜಿಯಾದಲ್ಲಿ, ಟಿಬಿಲಿಸಿಯ ಹತ್ತಿರ, 1974ರಲ್ಲಿ ಸಾಮ್‌ಗೊರಿ ಎಂಬ ಎಣ್ಣೆ ಕ್ಷೇತ್ರ ಸಿಕ್ಕಿತು. ಅಲ್ಲಿ ಎಣ್ಣೆ ಇರುವುದು ಜಿಯೊಲೈಟ್ ಆಗಿ ಬದಲಾದ ಟಫ್‌ನಲ್ಲೇ. ಲೊಮೊಂಟೈಟ್ ಎಂಬ ಜಿಯೊಲೈಟ್ ಬೆಳೆಯುವಾಗ ಕಲ್ಲಿನ ಒಳರಚನೆಯೇ ಬದಲಾಗಿ ತೂತುಗಳಾಗಿವೆ, ಬಿರುಕುಗಳು ಅವನ್ನು ಜೋಡಿಸಿವೆ. ಒಂದು ಕಲ್ಲಿನಿಂದ ಕಲಿತ ನಿಯಮವನ್ನು ಇನ್ನೊಂದು ಕಲ್ಲಿನ ಮೇಲೆ ಕಣ್ಣು ಮುಚ್ಚಿ ಹೇರಬಾರದು ಎಂದು ನಾನು ಹೇಳುವುದು ಇದಕ್ಕೇ.

ಈಗ ಎಣ್ಣೆಯ ಕಡೆಯಿಂದ ನೋಡೋಣ. ಲಾವಾ ಎಣ್ಣೆಯನ್ನು ಹುಟ್ಟಿಸುವುದಿಲ್ಲ. ಎಣ್ಣೆ ಬೇರೆ ಕಡೆಯಿಂದ, ಕಪ್ಪು ಕೆಸರುಗಲ್ಲಿನಿಂದಲೋ ಕಲ್ಲಿದ್ದಲಿನಿಂದಲೋ ಬರಬೇಕು. ಅದು ಪಕ್ಕದಲ್ಲೋ ಕೆಳಗೋ ಇರಬೇಕು, ಮೇಲೆ ಗಟ್ಟಿ ಮುಚ್ಚಳ ಇರಬೇಕು. ಈ ಎಲ್ಲವೂ ಒಂದೇ ಕಡೆ ಕೂಡಿಬಂದ ದೊಡ್ಡ ಉದಾಹರಣೆ ಚೀನಾದ ಸೊಂಗ್‌ಲಿಯಾವ್. ಅಲ್ಲಿನ ದಾಚಿಂಗ್ ಎಣ್ಣೆ ಕ್ಷೇತ್ರ 1959ರಲ್ಲಿ ಪತ್ತೆಯಾಯಿತು, ಆ ಎಣ್ಣೆ ಮರಳುಗಲ್ಲಿನದು. ದಶಕಗಳ ಕಾಲ ಎಲ್ಲರ ಗಮನ ಅದರ ಮೇಲೆಯೇ ಇತ್ತು. 2000ದ ನಂತರದ ಮೊದಲ ವರ್ಷಗಳಲ್ಲಿ ಅದೇ ನೆಲದ ಇನ್ನೂ ಆಳದಲ್ಲಿ, ಡೈನೋಸಾರ್‌ಗಳ ಕಾಲದ ಲಾವಾ ಪದರಗಳಲ್ಲಿ ದೊಡ್ಡ ಪ್ರಮಾಣದ ಅನಿಲ ಸಿಕ್ಕಿತು. ಲಾವಾದ ಕೆಳಗೆ ಕಲ್ಲಿದ್ದಲು ಮತ್ತು ಕೆಸರುಗಲ್ಲಿನ ಪದರ, ಮೇಲೆ ಕೆಸರುಗಲ್ಲಿನ ಮುಚ್ಚಳ. ಜ್ವಾಲಾಮುಖಿಗಳು ಸಾಲಾಗಿ ಕೂತಿದ್ದ, ನೆಲ ಸೀಳಿ ಕುಸಿದು ಆದ ಬಿರುಕಿನ ಕಣಿವೆಗಳಲ್ಲೇ ಸರೋವರಗಳೂ ಇದ್ದವು, ಕೆಸರೂ ಸೇರಿತು. ಹಾಗಾಗಿ ಬೆಂಕಿಯ ಕಲ್ಲೂ ಎಣ್ಣೆಯ ತಾಯಿಕಲ್ಲೂ ನೆರೆಹೊರೆಯವರಾದವು. ರಾಜಸ್ಥಾನದ ಬಾಡಮೇರ್‌ನ ರಾಗೇಶ್ವರಿ ಅನಿಲ ಕ್ಷೇತ್ರವೂ ಇಂಥದೇ ಬಿರುಕಿನ ಕಣಿವೆಯ ಲಾವಾ ಕಲ್ಲಿನದು. ಅಲ್ಲಿ ಕಲ್ಲು ಎಷ್ಟು ಬಿಗಿ ಎಂದರೆ, ಒತ್ತಡದ ನೀರು ನುಗ್ಗಿಸಿ ಬಿರುಕು ಬಿಡಿಸಿದರೆ ಮಾತ್ರ ಅನಿಲ ಸರಿಯಾಗಿ ಹರಿಯುತ್ತದೆ.

ಹುಡುಕುವವರ ಕಷ್ಟವನ್ನೂ ಎರಡು ಮಾತಿನಲ್ಲಿ ಹೇಳಬೇಕು. ನೆಲಕ್ಕೆ ಸದ್ದಿನ ಅಲೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಒಳಗಿನ ಚಿತ್ರ ಬಿಡಿಸುತ್ತಾರೆ. ಲಾವಾ ಪದರಗಳು ಆ ಅಲೆಯನ್ನು ಚದುರಿಸಿ ಚಿತ್ರವನ್ನು ಕಲಸಿಬಿಡುತ್ತವೆ. ಬಾವಿಯೊಳಗೆ ಇಳಿಸುವ ಉಪಕರಣಗಳೂ ಮೋಸ ಹೋಗುತ್ತವೆ. ತೂತು ಎಷ್ಟಿದೆ ಎಂದು ತಿಳಿಯಲು ಬಳಸುವ ನ್ಯೂಟ್ರಾನ್ ಉಪಕರಣ ಅಳೆಯುವುದು ಹೈಡ್ರೋಜನ್ನನ್ನು. ಜೇಡಿ ಮತ್ತು ಜಿಯೊಲೈಟ್‌ನ ಹರಳಿನೊಳಗೇ ನೀರು ಕಟ್ಟಿಹಾಕಿಕೊಂಡಿರುತ್ತದೆ. ಅಲ್ಲಿ ತೂತು ಇಲ್ಲದಿದ್ದರೂ ಉಪಕರಣ ಇದೆ ಎನ್ನುತ್ತದೆ. ಕೊನೆಗೆ ನಂಬಬೇಕಾದ್ದು ಕೈಯಲ್ಲಿ ಹಿಡಿದ ಕೋರ್ ಕಲ್ಲನ್ನೇ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ಈಗ ಸಿಡಿಯುತ್ತಿರುವ ಜ್ವಾಲಾಮುಖಿಯ ಕೆಳಗೂ ಎಣ್ಣೆ ಇರುತ್ತಾ?" ಒಳ್ಳೆಯ ಪ್ರಶ್ನೆ. ಇರುವ ಸಂಭವ ತೀರಾ ಕಡಿಮೆ. ಎಣ್ಣೆ ಹುಟ್ಟಲು ಹೆಚ್ಚುಕಡಿಮೆ 60ರಿಂದ 120 ಡಿಗ್ರಿ ಬಿಸಿ ಬೇಕು, ಅದೂ ಲಕ್ಷಾಂತರ ವರ್ಷ. ಶಿಲಾರಸದ ಬಿಸಿಗೆ ಎಣ್ಣೆ ಉಳಿಯುವುದಿಲ್ಲ. ಬೆಂಕಿ ಪೂರ್ತಿ ಆರಬೇಕು, ಕಲ್ಲು ಹೂತುಹೋಗಬೇಕು, ಆಮೇಲೆ ಎಣ್ಣೆ ಬರಬೇಕು.

ಅವಳೇ ಮತ್ತೆ ಕೇಳಿದಳು: "ಹಾಗಾದ್ರೆ ಎಣ್ಣೆ ಇಲ್ಲದ ಬಸಾಲ್ಟಿನ ತೂತುಗಳಿಂದ ಏನೂ ಉಪಯೋಗ ಇಲ್ವಾ?"

ಇದೆ. ಐಸ್‌ಲ್ಯಾಂಡಿನ ಹೆಲ್ಲಿಸ್‌ಹೇಯ್ದಿಯಲ್ಲಿ ಕಾರ್ಬ್‌ಫಿಕ್ಸ್ ಎಂಬ ಯೋಜನೆಯವರು 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಗೆ ಬಿಟ್ಟರು. ಆಮ್ಲದ ನೀರು ಕಲ್ಲನ್ನು ಕರಗಿಸಿತು, ಕಲ್ಲಿನಿಂದ ಕ್ಯಾಲ್ಸಿಯಂ ಹೊರಬಂತು, ಅದು ಇಂಗಾಲದ ಜೊತೆ ಸೇರಿ ಕ್ಯಾಲ್ಸೈಟ್ ಆಯಿತು. ಎರಡು ವರ್ಷದೊಳಗೆ ನೂರರಲ್ಲಿ 95 ಪಾಲು ಅನಿಲ ಕಲ್ಲಾಗಿತ್ತು ಎಂಬ ಲೆಕ್ಕ 2016ರಲ್ಲಿ ಪ್ರಕಟವಾಯಿತು. ಎಣ್ಣೆ ಹುಡುಕುವವರು ಯಾವ ಬಿಳಿ ಹರಳನ್ನು ಕಂಡು ನಿಟ್ಟುಸಿರು ಬಿಡುತ್ತಾರೋ, ಅದೇ ಹರಳು ತೂತಿನಲ್ಲಿ ಬೆಳೆಯಲಿ ಎಂದು ಅಲ್ಲಿ ಕಾಯುತ್ತಾರೆ. ಕೊರೆದು ತೆಗೆದ ಕಪ್ಪು ಕೋರ್ ಕಲ್ಲಿನ ಗುಳ್ಳೆಗಳಲ್ಲಿ ಬಿಳಿ ಚುಕ್ಕಿಗಳಾಗಿ ಅದು ಕಾಣುತ್ತದೆ.